ಅತ್ತಿ, ಹಣಮಂತಪ್ಪ ವೈನು ಕುಡಿದರು

ಅತ್ತಿಯವರಿಗೆ, ಮಡಗಾಂವ್‌ನಿಂದ ನಿಮ್ಮ ಶಾಂತಾ ಬರೆಯುವುದು,

ನಿಮಗೆ ಓದಲು ಬರುತ್ತಿರಲಿಲ್ಲ. ಪೇಪರಿನಲ್ಲಿ ಬಂದದ್ದನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ನೀವು ರೊಟ್ಟಿ ಬಡಿಯುತ್ತ ಕೇಳಿ, ನಡುನಡುವೆ “ಸುಳ್ಳ ಬರದಾರ” ಎಂದು ತೀರ್ಪು ಕೊಡುತ್ತಿದ್ದಿರಿ. ಇದನ್ನೂ ಬರೆದು ಮುಗಿಸಿದ ಮೇಲೆ ಒಮ್ಮೆ ಜೋರಾಗಿ ಓದುತ್ತೇನೆ. ಎಲ್ಲಿದ್ದರೂ ಕೇಳಿಸಿಕೊಳ್ಳಿ. ಇದರಲ್ಲಿ ಒಂದೂ ಸುಳ್ಳಿಲ್ಲ, ನಂಬಲು ಕಷ್ಟವಾಗುವಂಥ ಮಾತು ಮಾತ್ರ ಒಂದೆರಡಿವೆ.

ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನಾವಿಬ್ಬರೂ ರೊಟ್ಟಿ ಮಾರುತ್ತಿದ್ದ ಸಂಜೆಗಳು ನೆನಪಿವೆಯೇ? ಗಂಡಸು ಗಿರಾಕಿ ಯಾರೇ ಬರಲಿ, ನಿಮ್ಮ ಬಾಯಿಂದ ಮೊದಲು ಬರುತ್ತಿದ್ದ ಮಾತು “ಊದು.” ಅವನು ಬಗ್ಗಿ ಬಾಯಿಂದ ಗಾಳಿ ಊದಬೇಕು, ನೀವು ಮೂಸಬೇಕು, ಆಮೇಲೆ ರೊಟ್ಟಿ. ವಾಸನೆ ಬಂದರೆ ಎಂಥ ಹಸಿದವನಿಗೂ “ಮುಂದ ಹೋಗಪಾ.” ಹೊಸಬರು ನಗುತ್ತಿದ್ದರು. ಹಳಬರಿಗೆ ಗೊತ್ತಿತ್ತು, ನಿಮ್ಮ ಒಬ್ಬನೇ ಮಗನನ್ನು ಕುಡಿತ ತಿಂದುಹಾಕಿತ್ತು ಎಂದು. ನನಗೆ ಗಂಡ, ನಿಮಗೆ ಮಗ. ಅವರು ಹೋದ ಮೇಲೆ ನಾವಿಬ್ಬರೇ ಉಳಿದೆವು, ಒಂದು ತವೆ, ಒಂದು ಒಲೆ ಇಟ್ಟುಕೊಂಡು.

ಟೂರಿಸ್ಟ್ ಗಾಡಿ ಓಡಿಸುವ ಹಣಮಂತಪ್ಪ ಮಾತ್ರ ನೀವು ಕೇಳುವ ಮೊದಲೇ ಊದುತ್ತಿದ್ದರು. ಪ್ರವಾಸಿಗರನ್ನು ಸ್ಟೇಷನ್ನಿಗೆ ಬಿಟ್ಟು ಬಂದವರು ದೂರದಿಂದಲೇ ಕೆನ್ನೆ ಉಬ್ಬಿಸಿಕೊಂಡು ಬರುತ್ತಿದ್ದ ರೀತಿ! “ಅಕ್ಕಾರ, ನಾಕು ರೊಟ್ಟಿ ಕೊಡ್ರಿ” ಎಂದು ನನಗೆ, “ಅವ್ವಾರ, ನೋಡ್ರಿ” ಎಂದು ನಿಮಗೆ. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿದ್ದ ಮನುಷ್ಯ. ಆಸ್ಪತ್ರೆಯ ಮಂಚದ ಮೇಲೆ ನೀವು ನನ್ನ ಕೈ ಹಿಡಿದು ಹೇಳಿದಿರಲ್ಲ, “ನಾ ಹೋದ ಮ್ಯಾಲೆ ಒಬ್ಬಾಕಿನ ಕುಂದರಬ್ಯಾಡ. ಆ ಹಣಮಂತಪ್ಪನ್ನ ಮಾಡ್ಕೋ. ಅಷ್ಟು ವರ್ಷ ಊದಿಸೇನಿ, ಒಮ್ಮಿನೂ ವಾಸನಿ ಬರಲಿಲ್ಲ.” ಸೊಸೆಗೆ ಗಂಡು ನೋಡಿದ ಅತ್ತೆಯರು ಇರಬಹುದು. ಹೀಗೆ ನೋಡಿದವರು ಯಾರಾದರೂ ಇದ್ದಾರೆಯೇ?

ನಿಮ್ಮ ವರ್ಷಾಂತಿಕ ಮುಗಿದ ಮೇಲೆ ಮದುವೆಯಾದೆವು. ಗುಡಿಯಲ್ಲಿ, ಗಲ್ಲಿಯವರಷ್ಟೇ ಸೇರಿ. ಗಂಡನಾದರೂ ಹಣಮಂತಪ್ಪನವರನ್ನು ಈಗಲೂ ಹೆಸರು ಹಿಡಿದೇ ಬರೆಯುತ್ತಿದ್ದೇನೆ, ಬೈಯಬೇಡಿ. ನಾವಿಬ್ಬರೂ ಅವರನ್ನು ಹಾಗೇ ಕರೆದವರಲ್ಲವೇ? ಅವರಿಗೂ ಅದೇ ಕಷ್ಟ. ಬಾಯಿ ತೆರೆದರೆ “ಅಕ್ಕಾರ” ಎಂದೇ ಬರುತ್ತದೆ. ಒಂದು ದಿನ ಊಟ ಮಾಡುತ್ತ, “ಅಕ್ಕಾರ... ಅಲ್ಲ, ಶಾಂತಾ” ಎಂದು ಶುರು ಮಾಡಿದರು. “ಎಷ್ಟೋ ಜೋಡಿನ ಗೋವಾ ತಿರುಗಿಸೇನಿ. ಅವರು ಒಳಗ ಹೋಗತಾರ, ನಾ ಗಾಡಿ ನೆಳ್ಳಿಗೆ ಹಚ್ಚಿ ಹೊರಗ ನಿಲ್ಲತೇನಿ. ಒಮ್ಮಿ ನಾವೂ ಒಳಗ ಹೋಗೂಣು.”

“ಒಳಗ ಅಂದ್ರ ಎಲ್ಲಿ?” ಎಂದೆ.

“ಹಳೇ ಕೋಟೆ ಐತಿ, ಬೋಟ್ ಐತಿ...” ಎಂದು ತಡೆದರು. “ಕಾಣಕೋಣದ ಆಚೆ ಒಂದು ಮನಿ ಐತಿ. ಅಲ್ಲಿ ವೈನ್ ರುಚಿ ತೋರಸ್ತಾರ. ಹೋದ ಮಂದಿ ಎಲ್ಲಾ ನಕ್ಕೋತ ಹೊರಗ ಬರ್ತಾರ. ಒಳಗ ಏನ್ ಮಾಡ್ತಾರ ಅಂತ ಒಮ್ಮಿ ನೋಡಬೇಕು ಅನಸೈತಿ. ನೀ ಬ್ಯಾಡ ಅಂದ್ರ ಬ್ಯಾಡ.”

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು, ಅತ್ತಿ. ನಮ್ಮ ಹಳೇ ಖೋಲಿಯ ಬಾಗಿಲು, ಹೊರಗೆ ತಡವರಿಸುವ ಚಪ್ಪಲಿ ಸದ್ದು, ನೀವು ಎದ್ದು ಕೂತು ನನ್ನನ್ನು ಗೋಡೆಯ ಕಡೆಗೆ ಸರಿಸುತ್ತಿದ್ದುದು... ಎಲ್ಲ ಒಮ್ಮೆಗೇ ಬಂತು. ಬೇಡ ಎಂದಿದ್ದರೆ ಆ ಮನುಷ್ಯ ಮತ್ತೆ ಆ ಮಾತೇ ಎತ್ತುತ್ತಿರಲಿಲ್ಲ. ಆದರೂ ಹೂಂ ಎಂದೆ. ಏಕೆ ಎಂದೆ? ಒಂದು ಗ್ಲಾಸು ಕೈಗೆ ಬಂದರೆ ಇವರು ಏನಾಗುತ್ತಾರೋ ಎಂದು ಉಳಿದ ಬದುಕೆಲ್ಲ ಒಳಗೊಳಗೇ ಅಂಜುವುದಕ್ಕಿಂತ ಒಮ್ಮೆ ಕಣ್ಣಾರೆ ನೋಡಿಬಿಡುವುದೇ ಮೇಲು ಎನಿಸಿತು.

ಹೊರಟ ದಿನವೇ ನಗು ಶುರುವಾಯಿತು. ರಜೆಯಲ್ಲಿ ಸ್ಟೇರಿಂಗ್ ಮುಟ್ಟುವುದಿಲ್ಲ ಎಂದು ಹಣಮಂತಪ್ಪ ಬಸ್ಸಿನಲ್ಲೇ ಕರೆದುಕೊಂಡು ಹೋದರು. ಘಾಟಿನ ಪ್ರತಿ ತಿರುವಿನಲ್ಲೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮುಂದಿನ ಸೀಟಿನ ಅಜ್ಜಿ ತಿರುಗಿ, ನನ್ನ ಸೀಟನ್ನು ಯಾಕಪ್ಪಾ ಒದೆಯುತ್ತಿ ಎಂದು ಕೊಂಕಣಿಯಲ್ಲಿ ಬೈದಳು. “ಡ್ರೈವರ್ ಅವರು” ಎಂದು ನಾನು ಸಮಾಧಾನ ಹೇಳಿದೆ. “ಹಾಗಾದರೆ ಆ ಓಡಿಸುವವನು ಯಾರು?” ಎಂದು ಅಜ್ಜಿ ಗಾಬರಿಯಾದಳು. ಕಾಣಕೋಣ ಬರುವವರೆಗೂ ನಾನು ಸೆರಗು ಬಾಯಿಗೆ ಇಟ್ಟುಕೊಂಡೇ ಕೂತಿದ್ದೆ.

ಲಾಡ್ಜಿನ ಕೌಂಟರಿನಲ್ಲಿ ಅದಕ್ಕಿಂತ ದೊಡ್ಡದು ಆಯಿತು. ಅಲ್ಲಿ ಕೂತಿದ್ದ ಹುಡುಗಿ ಹಾವೇರಿ ಕಡೆಯವಳು. ಇವರು ನನ್ನ ಕಡೆ ತಿರುಗಿ ಗಂಭೀರವಾಗಿ, “ಅಕ್ಕಾರ, ನಿಮ್ಮ ಆಧಾರ್ ಕೊಡ್ರಿ” ಎಂದರು. ಹುಡುಗಿ ಪೆನ್ನು ಎತ್ತಿಕೊಂಡು, “ಅಕ್ಕಾ-ತಮ್ಮ ಏನ್ರಿ? ಹಂಗಾರ ಎರಡು ರೂಮ್ ಮಾಡ್ಲ್ಯಾ?” ಎಂದಳು. ಇವರ ಕಿವಿ ಕೆಂಪಾಯಿತು. ನಾನೇ ಮುಂದೆ ಹೋಗಿ, “ಗಂಡ-ಹೆಂಡ್ತಿನ ಅದೇವವಾ, ಹೊಸದಾಗಿ. ಒಂದ ರೂಮ್ ಸಾಕು” ಎಂದೆ. ಈ ವಯಸ್ಸಿನಲ್ಲಿ ಆ ಮಾತನ್ನು ನಾನು ಅಷ್ಟು ಜೋರಾಗಿ ಹೇಳಿದೆನೆಂದು ನನಗೇ ಆಶ್ಚರ್ಯ. ಹುಡುಗಿ ಸಮುದ್ರ ಕಾಣುವ ಖೋಲಿಯ ಬೀಗದ ಕೈ ಕೊಟ್ಟಳು.

ಮರುದಿನ ಬೆಳಗ್ಗೆ ಬೋಟಿನಲ್ಲಿ ಕೂತಾಗ ನಿಮ್ಮನ್ನು ತುಂಬ ನೆನೆದೆ. ಇಷ್ಟು ವರ್ಷ ಗೋವಾದಲ್ಲಿದ್ದು ನಾವು ಸಮುದ್ರವನ್ನು ನೋಡಿದ್ದೆಷ್ಟು? ಮೀನಿನ ಬುಟ್ಟಿಗಳ ವಾಸನೆಯಲ್ಲಿ ಅದು ನಮ್ಮ ಗಲ್ಲಿಗೇ ಬಂದು ಹೋಗುತ್ತಿತ್ತು, ಅಷ್ಟೇ. ಬೋಟಿನವನು ಎಂಜಿನ್ ನಿಲ್ಲಿಸಿ ಬೆರಳು ತೋರಿಸಿದ. ನೀರಿನಿಂದ ಕಪ್ಪು ಬೆನ್ನೊಂದು ಮೇಲೆದ್ದು ಬಾಗಿ ಮುಳುಗಿತು, ಹಿಂದೆಯೇ ಇನ್ನೊಂದು. ನಾನು “ಅಯ್ಯಯ್ಯೋ, ಎಮ್ಮಿ!” ಎಂದು ಕೂಗಿಬಿಟ್ಟೆ. ಡಾಲ್ಫಿನ್‌ಗೆ ಎಮ್ಮೆ ಎಂದವಳು ನಾನೊಬ್ಬಳೇ ಇರಬೇಕು. ಬೋಟಿನವನು ಆಮೇಲೆ ಪ್ರತಿ ಸಲ ಡಾಲ್ಫಿನ್ ಎದ್ದಾಗಲೂ ನನ್ನ ಕಡೆ ತಿರುಗಿ, “ಮಾವಶಿ, ಎಮ್ಮಿ!” ಎನ್ನುತ್ತಿದ್ದ.

ಅಲ್ಲಿಂದ ಕಾಬೊ ದ ರಾಮದ ಕೋಟೆಗೆ ಹೋದೆವು. ವನವಾಸದಲ್ಲಿ ರಾಮ ಸೀತೆ ಅಲ್ಲಿ ಇದ್ದರಂತೆ. ಮುರಿದ ಗೋಡೆಯ ಆಚೆ ನೀಲಿ ನೀರು ಬಿಟ್ಟರೆ ಬೇರೇನೂ ಇಲ್ಲ. ಇವರು ಬಂದ ಬಂದ ಜೋಡಿಗಳ ಫೋಟೊ ತಾವೇ ತೆಗೆದುಕೊಡತೊಡಗಿದರು. “ಬಾಯಿಸಾಬ, ಥೋಡಾ ಬಾಜೂ... ಹಾಂ, ಹಸೋ!” ರೂಢಿ ಬಿಡಬೇಕಲ್ಲ! ಕೊನೆಗೆ ನಾನು ಮೊಬೈಲು ಕಸಿದು ಒಬ್ಬ ಹುಡುಗಿಯ ಕೈಗೆ ಕೊಟ್ಟು, ಇವರ ಪಕ್ಕ ಹೋಗಿ ನಿಂತೆ. ಫೋಟೊದಲ್ಲಿ ನಾವಿಬ್ಬರೂ ರೇಶನ್ ಅಂಗಡಿಯ ಪಾಳಿಯಲ್ಲಿ ನಿಂತವರ ಹಾಗೆ ಕಾಣುತ್ತೇವೆ. ಆದರೂ ಚಲೋ ಇದೆ.

ಮಧ್ಯಾಹ್ನ ಆ ಮನೆಗೆ ಹೋದೆವು. ಕೆಂಪು ಹೆಂಚು, ಮುಂದೆ ಗಾಜಿನ ಬದಲು ಸಿಂಪಿಯ ಚಿಪ್ಪು ಕೂರಿಸಿದ ಕಿಟಕಿಗಳು, ಪಡಸಾಲೆಯಲ್ಲಿ ಉದ್ದ ಮೇಜು. ಮನೆಯೊಡತಿ ಫಿಲೋಮಿನಾ ಬಾಯಿ, ಸುಮಾರು ನಿಮ್ಮ ವಯಸ್ಸಿನವರು. “ಯೆಯಾ, ಬಸಾ”, ಬನ್ನಿ ಕೂತುಕೊಳ್ಳಿ ಎಂದು ಕರೆದವರು ಇವರ ಮುಖ ನೋಡಿ ನಿಂತುಬಿಟ್ಟರು. “ನೀನು ಹೊರಗೆ ನಿಲ್ಲುವ ಡ್ರೈವರ್ ಅಲ್ಲವೇ?” ಎಂದು ಕೊಂಕಣಿಯಲ್ಲಿ ಕೇಳಿದರು. “ಹೌದ್ರಿ ಬಾಯಿ. ಇವತ್ತು ಒಳಗ ಬಂದೇನಿ” ಎಂದು ಇವರು ಕನ್ನಡದಲ್ಲೇ ಹೇಳಿದರು. ಆ ಅಮ್ಮನಿಗೆ ತಿಳಿಯಿತು. ಮೇಜಿನ ತಲೆಯ ಕಡೆಯ ಕುರ್ಚಿಯಲ್ಲೇ ಕೂರಿಸಿದರು.

ಮೊದಲ ಸಣ್ಣ ಗ್ಲಾಸು ಮುಂದೆ ಬಂತು. ಹೆಂಡಕ್ಕೆಲ್ಲ ಒಂದೇ ವಾಸನೆ, ನಮ್ಮ ಖೋಲಿಯ ಆ ವಾಸನೆ ಎಂದುಕೊಂಡು ಮೂಗನ್ನು ಬಿಗಿ ಮಾಡಿ ಕೂತಿದ್ದೆ. ಫಿಲೋಮಿನಾ ಬಾಯಿ ತೋರಿಸಿಕೊಟ್ಟರು: ಗ್ಲಾಸು ಅಲ್ಲಾಡಿಸಬೇಕು, ಮೂಸಬೇಕು, ಒಂದು ಗುಟುಕು ಬಾಯಲ್ಲಿ ಹೊರಳಿಸಬೇಕು, ಬೇಡವಾದರೆ ಪಕ್ಕದ ಪಿಂಗಾಣಿ ಪಾತ್ರೆಯಲ್ಲಿ ಉಗುಳಬೇಕು. ಉಗುಳುವುದು! ಜನ ಇಷ್ಟು ದೂರ ಬಂದು ಉಗುಳಿ ಹೋಗುತ್ತಾರೆ ಎಂದು ನಿಮಗೆ ಹೇಳಿದ್ದರೆ ನಂಬುತ್ತಿದ್ದಿರಾ? ಹಣಮಂತಪ್ಪ ಬಿಳಿ ವೈನು ಬಾಯಿಗೆ ಹಾಕಿಕೊಂಡು, ನುಂಗಲೋ ಉಗುಳಲೋ ತಿಳಿಯದೆ, ಕೆನ್ನೆ ಉಬ್ಬಿಸಿಕೊಂಡು ನನ್ನನ್ನೇ ನೋಡಿದರು. ಥೇಟ್ ನಿಮ್ಮ ಮುಂದೆ ಊದಲು ನಿಂತ ಹಾಗೆ. ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ನಗು ಬಂತು. ಪಾತ್ರೆ ಇದ್ದದ್ದು ಪುಣ್ಯ.

ಕೆಂಪು ವೈನು ಮಾತ್ರ ಅವರಿಗೆ ಹಿಡಿಸಿತು. ಅದರ ದ್ರಾಕ್ಷಿ ವಿಜಯಪುರದ ಕಡೆಯಿಂದ ಬರುತ್ತದೆ ಎಂದು ಫಿಲೋಮಿನಾ ಬಾಯಿ ಹೇಳಿದ್ದೇ ತಡ, ಇವರು ಬೀಗರು ಸಿಕ್ಕವರ ಹಾಗೆ ನೆಟ್ಟಗೆ ಕೂತರು. “ನಮ್ಮೂರದ್ರಿ! ನಮ್ಮ ತಿಕೋಟಾ ಕಡೀದು!” ಆ ಗ್ಲಾಸನ್ನು ಉಗುಳಲಿಲ್ಲ, ಪೂರ್ತಿ ಕುಡಿದರು. ಇನ್ನೊಂದಿಷ್ಟು ಹಾಕಿಸಿಕೊಂಡು ಅದನ್ನೂ ಕುಡಿದರು. ನಾನು ಮೇಜಿನ ಕೆಳಗೆ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಫಿಲೋಮಿನಾ ಬಾಯಿ ಮತ್ತೆ ಬಾಟಲಿ ಎತ್ತಿದರು. ಹಣಮಂತಪ್ಪ ಗ್ಲಾಸಿನ ಮೇಲೆ ಅಂಗೈ ಮುಚ್ಚಿ, “ಸಾಕ್ರಿ” ಎಂದರು.

ಸಾಕು. ಗ್ಲಾಸು ಹಿಡಿದ ಗಂಡಸಿನ ಬಾಯಲ್ಲಿ ಆ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ, ಅತ್ತಿ. ನೀವು ಕೇಳಿದ್ದಿರಾ? ಅಷ್ಟು ಸಣ್ಣ ಮಾತು. ಹೇಳಿ ಅವರು ಗೇರುಬೀಜ ತಿನ್ನತೊಡಗಿದರು, ಏನೂ ಆಗೇ ಇಲ್ಲ ಎಂಬಂತೆ. ನನ್ನ ಕಣ್ಣು ತುಂಬಿದ್ದು ನೋಡಿ, “ಯಾಕ, ಭಾಳ ಹುಳಿ ಆತೇನು?” ಎಂದು ಕೇಳಿದರು. ನಾನು ಸೆರಗು ಬಿಟ್ಟು ಕೈಯನ್ನು ಮೇಜಿನ ಮೇಲಿಟ್ಟೆ. ಆಮೇಲೆ, ಬೈಯಬೇಡಿ, ಫಿಲೋಮಿನಾ ಬಾಯಿ ಮನೆಯಲ್ಲೇ ಮಾಡಿದ ನೇರಳೆ ಹಣ್ಣಿನ ವೈನನ್ನು ನಾನೂ ಒಂದು ಸಣ್ಣ ಗ್ಲಾಸು ಕುಡಿದೆ. ಅದಕ್ಕೆ ನಮ್ಮ ಖೋಲಿಯ ವಾಸನೆ ಇರಲಿಲ್ಲ. ಮಳೆಗಾಲದ ಮೊದಲ ವಾರದಲ್ಲಿ ರಸ್ತೆಗೆ ಉದುರಿ ಒಡೆದ ನೇರಳೆ ಹಣ್ಣಿನ ವಾಸನೆ ಇತ್ತು. ನಾಲಿಗೆ ನೀಲಿಯಾಯಿತು.

ಸಂಜೆ ಬಿಸಿಲು ಇಳಿಯುವಾಗ ಮರಳಿನ ಮೇಲೆ ಕೂತಿದ್ದೆವು. ತಲೆ ಹಗುರಾಗಿತ್ತು. ಕೇಳದಿದ್ದರೂ ನಾನು ನಿಮ್ಮ ಮಗನ ಮಾತು ತೆಗೆದೆ. ಅವರು ಹೋದ ಮೇಲೆ ನಮ್ಮ ಮನೆಯಲ್ಲಿ ನೀವೂ ಬಸಣ್ಣ ಎನ್ನಲಿಲ್ಲ, ನಾನೂ ಎನ್ನಲಿಲ್ಲ. ಹೆಸರೆತ್ತಿದರೆ ಕೊನೆಯ ಆ ಕೆಟ್ಟ ವರ್ಷಗಳೇ ಎದ್ದು ಬರುತ್ತವೆಂದು ಇಬ್ಬರಿಗೂ ಭಯವಿತ್ತಲ್ಲವೇ? ಆ ಸಂಜೆ ಬಂದದ್ದು ಬೇರೆ ಬಸಣ್ಣ. ಸಾಂಗೆಯ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದ, ಮೈಯೆಲ್ಲ ಕೆಂಪು ಧೂಳಿನ, ಮದುವೆಯಾದ ಹೊಸದರ ಬಸಣ್ಣ. ಆಗ ನೀವು ಊರಲ್ಲಿದ್ದಿರಿ, ಬಸ್ಸಿನವರ ಕೈಯಲ್ಲಿ ಒಣ ರೊಟ್ಟಿಯ ಗಂಟು ಕಳಿಸುತ್ತಿದ್ದಿರಿ. ಅದು ಬಂದ ದಿನ ಅವರು ಏನು ಮಾಡುತ್ತಿದ್ದರೆಂದು ನಿಮಗೆ ನಾನು ಹೇಳಿಯೇ ಇರಲಿಲ್ಲ. ಊಟದ ಹೊತ್ತಿಗೆ ಟಿಪ್ಪರಿನವರನ್ನೆಲ್ಲ ಸುತ್ತ ಕೂರಿಸಿಕೊಂಡು, ಒಂದು ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಪಟ್ಟನೆ ಮುರಿದು, “ಕೇಳ್ರೋ! ನಮ್ಮವ್ವನ ರೊಟ್ಟಿ. ಮುರದ್ರ ಮಾತಾಡತೈತಿ!” ಎನ್ನುತ್ತಿದ್ದರು. ಎಲ್ಲರ ಕೈಗೂ ಒಂದೊಂದು ಚೂರು ಕೊಟ್ಟು, ಮುರಿಸಿ, ಸದ್ದು ಕೇಳಿಸಿಯೇ ತಿನ್ನಲು ಬಿಡುತ್ತಿದ್ದರು.

ಹಣಮಂತಪ್ಪ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, “ಖರೇನ ಚಲೋ ಮನಶ್ಯಾ ಇದ್ದ ಬಿಡು” ಎಂದರು. ಅಷ್ಟು ವರ್ಷಗಳಲ್ಲಿ ಯಾರೂ ಆ ಮಾತನ್ನು ನಮಗೆ ಹೇಳಿರಲಿಲ್ಲ, ಅತ್ತಿ.

ಈಗ ಮಡಗಾಂವ್‌ಗೆ ಬಂದ ಮೇಲೂ ದಿನಾ ಇದೇ ಆಗಿದೆ. ನಾನು ಹಿಟ್ಟು ನಾದಲು ಕೂತರೆ ಸಾಕು, ಹಣಮಂತಪ್ಪ ಮಣೆ ಎಳೆದುಕೊಂಡು ಬಂದು ಕೂರುತ್ತಾರೆ. “ಬಸಣ್ಣ ಮತ್ತೇನ್ ಮಾಡ್ತಿದ್ದ? ಹೇಳು.” ನಾನು ಹೇಳುತ್ತೇನೆ. ನನಗೆ ಗೊತ್ತಿದ್ದ ಒಳ್ಳೆಯ ದಿನಗಳು ಸ್ವಲ್ಪವೇ. ಮೊನ್ನೆ, ಇನ್ನು ನನ್ನ ಹತ್ತಿರ ಇಲ್ಲ, ಸಣ್ಣವರಿದ್ದಾಗಿನದು ಅತ್ತಿಗೇ ಗೊತ್ತಿತ್ತು ಎಂದೆ. ಅದಕ್ಕೆ ಅವರೇ ಊರಿನಲ್ಲಿರುವ ನಿಮ್ಮ ತಂಗಿ ನೀಲವ್ವ ಚಿಗವ್ವನಿಗೆ ಫೋನು ಹಚ್ಚಿ ವಿಷಯ ಹೇಳಿದರು. ಆ ಕಡೆಯಿಂದ ಚಿಗವ್ವ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದ ದನಿಯಲ್ಲಿ ಹೇಳಿದಳು: “ಬರ್ರಿ. ನಮ್ಮ ಬಸ್ಯಾನ ಕತಿ ಭಾಳ ಅದಾವು. ಒಂದ ದಿನದಾಗ ಮುಗಿಯೂದಿಲ್ಲ, ಮುಕ್ಕಾಮಿಗೇ ಬರ್ರಿ.”

ಬರುವ ಸೋಮವಾರ ನಿಮ್ಮ ಊರಿಗೆ ಹೊರಡುತ್ತಿದ್ದೇವೆ.

ನಿಮ್ಮ ಸೊಸೆ,
ಶಾಂತಾ