ಮಧ್ಯದ ಮನೆ

ಅಕ್ಕಾ,

ಒಂಬತ್ತು ಮನೆಯ ಇಂಟು-ಸೊನ್ನೆ ಆಟದಲ್ಲಿ ನನ್ನನ್ನು ಸೋಲಿಸುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ನಾನು ಮೊದಲು ಮೂಲೆ ಹಿಡಿಯುತ್ತೇನೆ, ನಿನ್ನ ಮಗಳು ಪಕ್ಕದಲ್ಲೆಲ್ಲೋ ಸೊನ್ನೆ ಹಾಕುತ್ತಾಳೆ, ಅಲ್ಲಿಗೆ ಅವಳ ಕಥೆ ಮುಗಿಯಿತು.

ನೀನು ತೀರಿಕೊಂಡ ಮೇಲೆ ಅವಳನ್ನು ಸಾಕುತ್ತಿರುವ ಅವಳ ಆ ಗಡಿಯಾರ ರಿಪೇರಿಯ ಚಿಕ್ಕಪ್ಪನೂ ಇವತ್ತು ಅಂಗಡಿಯಲ್ಲಿ ಮೂಲೆಯನ್ನೇ ಹಿಡಿದ. ಅವಳು ಥಟ್ಟನೆ ಮಧ್ಯದ ಮನೆಗೆ ಸೊನ್ನೆ ಹಾಕಿದಳು. ಆಟ ಸಮವಾಯಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

"ನನ್ನ ಜೊತೆ ಆಡುವಾಗ ಎಲ್ಲಿ ಹೋಗಿತ್ತು ಈ ಬುದ್ಧಿ?" ಎಂದೆ.

"ಅಮ್ಮ ಬೇಡ ಅಂದಿದ್ಲು ಮಾವ. ಸೋತ್ರೆ ನೀನು ಮುಖ ಊದಿಸ್ಕೊಂಡು ಊಟ ಬಿಡ್ತೀಯಂತೆ."

"ಓಹೋ! ಹಾಗಾದ್ರೆ ಇವತ್ತು ನಿಜವಾಗಿ ಆಡು. ಗೆದ್ರೆ ಇಪ್ಪತ್ತು ಕೊಡ್ತೀನಿ."

ಅವಳು ಮೂಲೆ ಹಿಡಿದಳು. ನಾನು ಮಧ್ಯ ಹಿಡಿದಿದ್ದರೆ ಆಟ ಸಮವಾಗಿ, ಅವಳು ಮತ್ತೆ ಚಿಕ್ಕಪ್ಪನ ಕಡೆ ತಿರುಗುತ್ತಿದ್ದಳು. ಅದಕ್ಕೇ ಪ್ರತಿ ಆಟದಲ್ಲೂ ಪಕ್ಕದ ಮನೆಗೇ ಹಾಕಿದೆ, ಪಣ ಏರಿಸುತ್ತಲೇ ಹೋದೆ. ಗೆದ್ದಾಗಲೆಲ್ಲ ಅವಳು ನನ್ನ ತೋಳು ಹಿಡಿದು ಕುಣಿದಳು. ಚಿಕ್ಕಪ್ಪ ಗಡಿಯಾರ ಒರೆಸುತ್ತ ಕೂತಿದ್ದ.

ಮನೆಯಲ್ಲಿ ಕೇಳಿದವರಿಗೆ ಇಪ್ಪತ್ತು ಸೋತೆ ಎಂದಿದ್ದೇನೆ. ಒಂಬೈನೂರ ಅರವತ್ತು ಕಣಕ್ಕಾ.