ಜನಪದವೆಂದು ಬರೆದುಕೊಟ್ಟ ಹಾಡು

ಜಾವಗಲ್ಲಿನ ಅತ್ತೆಗೆ,

ಕಳೆದ ತಿಂಗಳು ಅರಸೀಕೆರೆಯ ಒಂದು ಮದುವೆಯಲ್ಲಿ ಎಂದಿನಂತೆ ವಿಡಿಯೋ ಮಾಡುತ್ತ ನಿಂತಿದ್ದೆ. ಊಟವಾದ ಮೇಲೆ ಡಿಜೆ ಹಾಕಿದರು. ಮೂರನೆಯ ಹಾಡು ನಿನ್ನದು. ಯಾರದೋ ಎಳೆಯ ಗಂಟಲು, ಅದರ ಕೆಳಗೆ ಎದೆಗೆ ಗುದ್ದುವಂಥ ತಾಳ.

ನಲ್ಲೀಲಿ ನೀರ್ ಕುಡಿಯೋ ಹೊತ್ಗೆ ಗಾಡಿ ಹೊಂಟೋಯ್ತು
ಬಾಸಿಂಗ ಕಟ್ಟಿದ್ ಹೆಣ್ಣು ಬೆಂಚಿನ್ ಮ್ಯಾಲೆ ಕೂತೋಯ್ತು

ಎಲ್ಲರೂ ಕುಣಿಯುತ್ತಿದ್ದರು. ನಾನು ಅವರ ಕಾಲುಗಳನ್ನು ಚಿತ್ರೀಕರಿಸುತ್ತಲೇ ಇದ್ದೆ. ಕ್ಯಾಮೆರಾ ಇಳಿಸಬೇಕಿತ್ತೋ ಏನೋ.

ನನ್ನ ಚಿತ್ರಕ್ಕೆಂದು ನೀನು ಅದನ್ನು ಹಾಡಿದ ದಿನ ಮೊದಲು ಹಳೇಬೀಡಿಗೆ ಹೋಗಿದ್ದೆವು. ನೀನು ಹಾಡುವಾಗ ಬೆನ್ನ ಹಿಂದೆ ಗುಡಿ ಕಾಣಬೇಕೆಂಬ ಹಟ ನನ್ನದು. ನೀನು ಹುಲ್ಲಿನ ಮೇಲೆ ಕೂತು ಪ್ರವಾಸಿಗರನ್ನು ನೋಡಿದೆಯೇ ಹೊರತು ಬಾಯಿ ಬಿಡಲಿಲ್ಲ. "ಕಲ್ಲಿನ ಮುಂದೆ ನಿಂತ್ಕೊಂಡು ಹಾಡಕ್ಕೆ ನಾನೇನ್ ಗೈಡಾ? ನಡಿಯೋ ಮನೆಗೆ." ಜಾವಗಲ್ಲಿಗೆ ಬಂದು, ಹಿತ್ತಲಲ್ಲಿ ಕೊಬ್ಬರಿ ಬಿಸಿಲಿಗೆ ಹರವುತ್ತ ಕ್ಯಾಮೆರಾದ ಕಡೆ ನೋಡದೆ ಹಾಡಿದೆ. ಮುಗಿದ ಮೇಲೆ, "ಇದು ನಂದೇ ಕಣೋ ಶಿವು, ನಾನೇ ಕಟ್ಟಿದ್ದು" ಅಂದೆ. ತಿಪಟೂರಿನಲ್ಲಿ ನಿನ್ನ ಮದುವೆ ಮುಗಿಸಿ ದಿಬ್ಬಣ ಹಾಸನಕ್ಕೆ ಹೊರಟಿತ್ತಂತೆ. ಅರಸೀಕೆರೆಯಲ್ಲಿ ನೀನು ನೀರಿಗೆಂದು ಇಳಿದಾಗ ರೈಲು ಹೊರಟುಹೋಯಿತಂತೆ. "ನಿಮ್ಮ ಮಾವ್ನೋರ ಕಡೆಯೋರು ಟ್ರಂಕ್ ಎಣಿಸಿದ್ರು. ನನ್ನ ಎಣಿಸ್ಲಿಲ್ಲ." ಇಬ್ಬರೂ ನಕ್ಕೆವು. ಅಷ್ಟರಲ್ಲಿ ನಾನು ಕ್ಯಾಮೆರಾ ಆರಿಸಿಬಿಟ್ಟಿದ್ದೆ.

ಅರ್ಜಿ ತುಂಬಿದ ಮಧ್ಯಾಹ್ನ ನಿನಗೆ ಗೊತ್ತಿಲ್ಲ. ಬೇಲೂರಿನಲ್ಲಿ ನಾನು ತೆಗೆದ ದೃಶ್ಯಗಳನ್ನು ಯಾರೋ ಕತ್ತರಿಸಿ ತಮ್ಮ ಚಾನೆಲ್ಲಿಗೆ ಹಾಕಿಕೊಂಡಿದ್ದರು. ಅಂದಿನಿಂದ ನನಗೆ ಒಂದೇ ಚಿಂತೆ. ಹೆಂಗಸರ ಹಾಡುಗಳ ಆ ನಲವತ್ತು ನಿಮಿಷದ ಚಿತ್ರವೊಂದೇ ಯಾರ ಮದುವೆಯೂ ಅಲ್ಲದ, ನನ್ನದು ಎನ್ನಬಹುದಾದ ಕೆಲಸ. ಅದರ ಕಾಪಿರೈಟ್ ನೋಂದಣಿಗೆಂದು ಕಂಪ್ಯೂಟರ್ ಸೆಂಟರಿಗೆ ಹೋದೆ. ಅಲ್ಲಿಯವನು ಕೇಳಿದ, "ಹಾಡು ಬರೆದೋರು ಇದ್ರೆ ಅವರ ಒಪ್ಪಿಗೆ ಪತ್ರ ಬೇಕು ಸಾರ್. ಎಲ್ಲ ಜನಪದ ತಾನೆ?"

"ಒಂದು ಮಾತ್ರ ನಮ್ಮತ್ತೆ ಕಟ್ಟಿದ್ದಂತೆ."

"ಅಂತೆ ಕಂತೆ ಎಲ್ಲಾ ಯಾಕ್ ಸಾರ್? ಜನಪದ ಅಂತ ಹಾಕಿ, ಮುಗೀತದೆ."

ಜಾವಗಲ್ಲಿಗೆ ಬಸ್ಸು ಇರಲಿಲ್ಲವೆ? ಒಂದು ಸಹಿಗೆ ಎಷ್ಟು ಹೊತ್ತು ಬೇಕಿತ್ತು? ಸೋಮಾರಿತನ ಎಂದು ಹೇಳಿಕೊಂಡರೆ ನನಗೆ ಅನುಕೂಲ. ನಿಜವೆಂದರೆ, ಹೆಸರಿಲ್ಲದ ಹೆಂಗಸರ ಬಗ್ಗೆ ಚಿತ್ರ ಮಾಡಿದವನಿಗೆ ಹೆಸರಿರುವ ಒಬ್ಬಳು ನಡುವೆ ಬಂದದ್ದು... "ಚಿತ್ರದ ಎಲ್ಲ ಹಾಡುಗಳೂ ಜನಪದ, ಕರ್ತೃ ಯಾರೂ ಇಲ್ಲ" ಎಂಬ ಹೇಳಿಕೆಯ ಕೆಳಗೆ ಸಹಿ ಹಾಕಿದೆ.

ಆಮೇಲೊಂದು ಸಲ ನಿನ್ನ ಮನೆಗೆ ಬಂದಿದ್ದೆ. ಮಜ್ಜಿಗೆ ಕೊಟ್ಟು ನೀನು ಕೇಳಿದೆ, "ಏನಾತಪ್ಪಾ ನಿನ್ ಸಿನಿಮಾ?"

"ಅರ್ಜಿ ಹೋಗಿದೆ ಅತ್ತೆ. ಮೂವತ್ತು ದಿನ ಕಾಯಬೇಕು."

"ಯಾಕೆ?"

"ಯಾರದಾದ್ರೂ ತಕರಾರು ಇದ್ರೆ ಹೇಳಲಿ ಅಂತ."

"ನಿನ್ ಮ್ಯಾಲೆ ಯಾರ್ ತಕರಾರು ಮಾಡ್ತಾರೋ" ಎಂದು ಲೋಟಕ್ಕೆ ಇನ್ನಷ್ಟು ಸುರಿದೆ. ತಕರಾರು ಮಾಡಬಹುದಾಗಿದ್ದ ಒಬ್ಬಳೇ ಒಬ್ಬಳು ನನ್ನ ಎದುರಿಗಿದ್ದಳು. ಮಜ್ಜಿಗೆ ಕುಡಿದು ಬಂದೆ. ಪ್ರಮಾಣಪತ್ರ ಬಂತು, ಚಿತ್ರ ಹೊರಬಂತು. ಕಾರ್ತಿಕದಲ್ಲಿ ನೀನು ಹೋದೆ.

ಮದುವೆಯ ಮಾರನೆಯ ದಿನ ಆ ಹಾಡು ಹೊರತಂದವರಿಗೆ ಬರೆದೆ. ಇದು ನಮ್ಮ ಅತ್ತೆಯದು, ಕೇಳದೆ ಬಳಸಿದ್ದೀರಿ ಎಂದು. ಉತ್ತರ ಎರಡೇ ಸಾಲು. ಜೊತೆಗೆ ಕಾಪಿರೈಟ್ ಕಚೇರಿಯಿಂದ ತೆಗೆಸಿದ ಒಂದು ನಕಲು: ನಾನು ಬರೆದುಕೊಟ್ಟ ಹೇಳಿಕೆ, ಕೆಳಗೆ ನನ್ನ ಸಹಿ. ಅವರು ಬೇರೆ ಏನನ್ನೂ ಹುಡುಕಬೇಕಾಗಿರಲಿಲ್ಲ.

ಮೊನ್ನೆ ಗೆಂಡೆಹಳ್ಳಿಗೆ, ನಿನ್ನ ಮಗಳು ನಾಗರತ್ನಳ ಮನೆಗೆ ಹೋಗಿದ್ದೆ. ಶಾಲೆಯಿಂದ ಆಗತಾನೇ ಬಂದಿದ್ದಳು. ಟೀಚರ್ ಧ್ವನಿ ಇನ್ನೂ ಇಳಿದಿರಲಿಲ್ಲ. ಹಾಡನ್ನು ನಿನ್ನ ಹೆಸರಿನಲ್ಲಿ ಬೇರೆಯಾಗಿ ನೋಂದಾಯಿಸಬೇಕು, ವಾರಸುದಾರಳಾಗಿ ಅವಳೇ ಸಹಿ ಹಾಕಬೇಕು ಎಂದು ಹೇಳಿದೆ.

"ಅಮ್ಮ ಇದ್ದಾಗ ಸಹಿ ಕೇಳಕ್ಕೆ ಆಗ್ಲಿಲ್ಲ, ಈಗ ನಂದು ಬೇಕಾಯ್ತಾ?"

ಮೊದಲು ಕೊಟ್ಟದ್ದು ಸುಳ್ಳು ಹೇಳಿಕೆ ಎಂದು ನಾನೂ ಅಫಿಡವಿಟ್ ಕೊಡುತ್ತೇನೆ, ಚಿತ್ರದ ನೋಂದಣಿ ರದ್ದಾಗಬಹುದು ಎಂದು ವಕೀಲರು ಹೇಳಿದ್ದಾರೆ ಎಂದೆ.

"ರದ್ದಾದ್ರೆ?"

"ಆಗಲಿ."

"ಏನೋ ದೊಡ್ಡ ತ್ಯಾಗ ಮಾಡ್ದೋರ ಥರ ಮಾತಾಡ್ಬೇಡ ಶಿವು. ಪೆನ್ ಕೊಡು."

ಅರ್ಜಿಯ ಜೊತೆ ಹಾಡನ್ನು ಪೂರ್ತಿ ಬರೆದು ಲಗತ್ತಿಸಬೇಕಿತ್ತು. ನನಗೆ ಗೊತ್ತಿದ್ದದ್ದು ನೀನು ಕ್ಯಾಮೆರಾಕ್ಕೆ ಹಾಡಿದ ಎರಡು ನುಡಿ. ನಾಗರತ್ನ ಬರೆದದ್ದು ಐದು. ನಾಲ್ಕನೆಯದರಲ್ಲಿ ಸ್ಟೇಷನ್ ಮಾಸ್ಟರು ಹೆಣ್ಣಿಗೆ ಟೀ ತರಿಸಿಕೊಡುತ್ತಾನೆ. ಐದನೆಯದರಲ್ಲಿ ಹಾಸನದ ಇನ್ನೊಂದು ಗಾಡಿ ಬಂದು ನಿಲ್ಲುತ್ತದೆ, ಅವಳು ಹತ್ತುವುದಿಲ್ಲ. ನೀನು ಹತ್ತಿದ್ದೆ, ಅತ್ತೆ. ಐವತ್ತು ವರ್ಷ ಸಂಸಾರ ಮಾಡಿದೆ. ಹಾಗಾದರೆ ಈ ನುಡಿಯನ್ನು ಯಾವಾಗ ಕಟ್ಟಿದೆ? ನನಗೇಕೆ ಹಾಡಲಿಲ್ಲ? ನಾನು ಕೇಳಿದ್ದರೆ...

ಅರ್ಜಿ ಇವತ್ತು ಬೆಳಿಗ್ಗೆ ಹೋಯಿತು, ಅಫಿಡವಿಟ್ಟೂ ಹೋಯಿತು. ಕರ್ತೃ ಎಂಬಲ್ಲಿ ಗಿರಿಜಮ್ಮ ಎಂದು ನಾನೇ ತುಂಬಿದೆ. ಅದರ ಕೆಳಗೆ, ಕರ್ತೃ ಮೃತರಾಗಿದ್ದರೆ ದಿನಾಂಕ ತಿಳಿಸಿ ಎಂದಿತ್ತು. ಕಾರ್ತಿಕ ಎಂಬುದಷ್ಟೇ ನೆನಪಿತ್ತು. ತಾರೀಖಿಗಾಗಿ ನಾಗರತ್ನಳಿಗೆ ಫೋನ್ ಮಾಡಬೇಕಾಯಿತು.

ನಿನ್ನ ಅಣ್ಣನ ಮಗ,
ಶಿವು