ಗೆರಿಟ್ ಹಾಲ್ಸ್‌ಮಾ ಎಂಬ ಹೆಸರು

ನವೆಂಬರ್ ೮, ಶನಿವಾರ. ಓಲ್ಡ್ ಬ್ರಿಡ್ಜ್.

ಇಲ್ಲಿನ ಕನ್ನಡ ಕೂಟದ ಸ್ಮರಣ ಸಂಚಿಕೆ ಬಂತು. ನನ್ನ ಲೇಖನವಿದೆ, ಗೆರಿಟ್ ಹಾಲ್ಸ್‌ಮಾ ಇಲ್ಲ. ಎರಡು ಯುದ್ಧಗಳ ನಡುವೆ ಹಾಲೆಂಡಿನ ತಂಡಕ್ಕೆ ಒಂಬತ್ತು ಫುಟ್ಬಾಲ್ ಪಂದ್ಯ ಆಡಿದವನು; ವಾರವಿಡೀ ಬೆಣ್ಣೆ ಕಾರ್ಖಾನೆಯಲ್ಲಿ ದುಡಿದು ಭಾನುವಾರ ಬೂಟು ಕಟ್ಟಿದವನು; ಮಂಡಿ ಮುರಿದ ಮೇಲೆ ಯಾರಿಗೂ ಬೇಡವಾದವನು. ಅದೆಲ್ಲ ಇದೆ. ಹೆಸರಿದ್ದ ಕಡೆಯಲ್ಲೆಲ್ಲ ‘ಒಬ್ಬ ಡಚ್ ಆಟಗಾರ’ ಎಂದಾಗಿದೆ.

ಸಂಪಾದಕ ಶಿವಕಿರಣನಿಗೆ ಫೋನ್ ಮಾಡಿ ಕೂಗಾಡಿದೆ.

“ಅಯ್ಯೋ ಸರ್, ಆ ಹೆಸರಿಗೆ ನಮ್ಮ ಆಂಟಿಯರ ನಾಲಿಗೆ ಹೊರಳಲ್ಲ. ರೀಡರ್ ಫ್ರೆಂಡ್ಲಿ ಮಾಡಿದೆ ಅಷ್ಟೆ. ಪ್ರೂಫ್ ಕಳಿಸಿದ್ನಲ್ಲ, ನೀವೇ ಓಕೆ ಅಂದ್ರಿ!”

ಪಕ್ಕದ ಮನೆಯ ಆನೆಕೆ ಗೆರಿಟನ ಮಗಳು. ಎಂಬತ್ತೆಂಟು ವರ್ಷ. ಅಪ್ಪನ ಕುರಿತ ಪತ್ರಿಕೆಯ ತುಣುಕುಗಳೆಲ್ಲ ಯುದ್ಧದಲ್ಲಿ ಸುಟ್ಟುಹೋಗಿವೆ. ಅವನ ಹೆಸರನ್ನು ಅಚ್ಚಿನಲ್ಲಿ ಒಮ್ಮೆ ಕಾಣಬೇಕೆಂದು, ಕನ್ನಡದಲ್ಲಿ ಅದು ಹೇಗಿರುತ್ತದೆಂದು ನನ್ನಿಂದ ಬರೆಸಿಕೊಂಡು ಬೇಸಿಗೆಯಿಡೀ ಆ ಅಕ್ಷರಗಳ ಮೇಲೆ ತಿದ್ದಿದ್ದಾಳೆ. ನಾಳೆ ಸಂಚಿಕೆ ಕೊಟ್ಟರೆ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಹುಡುಕುತ್ತಾಳೆ.

ಕಪ್ಪು ಪೆನ್ನಿನಲ್ಲಿ ಹನ್ನೊಂದು ಕಡೆ ‘ಒಬ್ಬ ಡಚ್ ಆಟಗಾರ’ನನ್ನು ಹೊಡೆದುಹಾಕಿ ಮೇಲೆ ಹೆಸರು ಬರೆದೆ. ಅದು ಅಚ್ಚಲ್ಲ, ನನ್ನ ಕೈಬರಹ. ಅವಳಿಗೆ ಗುರುತು ಸಿಕ್ಕೇ ಸಿಗುತ್ತದೆ.

ಶಿವಕಿರಣನನ್ನು ಎಷ್ಟು ಬೈದರೂ ತೀರುತ್ತಿಲ್ಲ. ಪ್ರೂಫ್ ಬಂದಿದ್ದು ನಿಜ. ಅದರಲ್ಲಿ ನಾನು ನೋಡಿದ್ದು, ನನ್ನ ಹೆಸರು ಸರಿಯಾಗಿದೆಯೇ ಎಂದಷ್ಟೇ.